ಉಂಡವರ ತಾಟು

“ಲೇ ದುರಗಿ, ಕಣ್ಣು ಮುಕುಳ್ಯಾಗ ಇಟ್ಟುಕೊಂಡು ಕೆಲಸಾ ಮಾಡ್ತೀಯೇನ? ನೋಡಿಲ್ಲೆ, ಏನ ಬರದಾರ ನೋಡು!”

ಪ್ರಭುರಾಜ ಸಾಹುಕಾರ ತನ್ನ ಮೊಬೈಲನ್ನು ದುರಗಮ್ಮನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಅವಳ ಒಂದು ಕೈಯಲ್ಲಿ ಕಮೋಡು ತಿಕ್ಕುವ ಬ್ರಷ್ಷು, ಇನ್ನೊಂದು ಕೈಯಲ್ಲಿ ಫಿನಾಯಿಲ್ ಬಾಟಲಿ. ಅಕ್ಷರ ಬಾರದ ದುರಗಮ್ಮ ಎಲ್ಲ ಓದಿದವಳ ಹಾಗೆ ತಲೆ ಅಲ್ಲಾಡಿಸಿದಳು.

“ಐದರಾಗ ಬರೇ ಎರಡು ಚುಕ್ಕಿ ಕೊಟ್ಟಾನ ಹೈದರಾಬಾದನವ. ‘ಬಂದಾಗ ಸಿಂಕ್ ತುಂಬ ಮುಸುರಿ ಇತ್ತು, ನಾತ ಹೊಡೀತಿತ್ತು’ ಅಂತ ಬರದಾನ. ನನ್ನ ಮಾನ ಮೂರಾಬಟ್ಟಿ ಆತು.”

“ಸಾವ್ಕಾರ್ರ, ಆ ಮುಸುರಿ ಹಿಂದಿನ ಮಂದೀದರಿ. ಅವರು ಹೋಗಿದ್ದ ಹನ್ನೆರಡಕ್ಕ. ನಾ ತಿಕ್ಕಾಕ ನಿಂತಾಗ ಇವರು ಒಳಗ ಬಂದ್ರು.”

“ಬಾಯಿ ಮುಚ್ಚು. ಬಂದವರು ದೇವರಿದ್ದಂಗ. ಇನ್ನ ಒಂದ ಒಂದು ಕಂಪ್ಲೇಂಟ್ ಬರ್ಲಿ, ಹೊಸಪೇಟಿ ಕ್ಲೀನಿಂಗ್ ಏಜೆನ್ಸಿಯವರಿಗೆ ಹೇಳ್ತೀನಿ. ನೀ ಮನಿ ಹಾದಿ ಹಿಡಿ.”

ನಾನು ನಸೀಮಾಬಿ, ಇದೇ ಮನೆಯ ಹಾಸಿಗೆ ಬಟ್ಟೆ ಒಗೆಯುವವಳು. ಸಾಹುಕಾರನ ಎದುರು ನಾವು ಬಾಯಿತುಂಬ ‘ರಿ’ ಹಚ್ಚುತ್ತೇವೆ. ಇದು ನನ್ನ ಮನಸ್ಸಿನ ಮಾತಾದ್ದರಿಂದ ಅವನು, ಇವನು ಎಂದೇ ಹೇಳುತ್ತೇನೆ, ಬೇಜಾರಿಲ್ಲದೆ ಕೇಳಿ. ಗಂಗಾವತಿಯಲ್ಲಿ ಅವನ ಅಕ್ಕಿ ಗಿರಣಿ ಇದೆ. ಗಿರಣಿಯ ದುಡ್ಡು ಕೈಯಲ್ಲಿ ಹೆಚ್ಚಾದಾಗ ಸಾಣಾಪುರದ ಕಡೆ ಬಂಡೆಗಳ ನಡುವೆ, ಭತ್ತದ ಗದ್ದೆಯ ದಂಡೆಗೆ ಈ ಮನೆ ಕಟ್ಟಿಸಿ ‘ಪ್ರಭು ನೆಸ್ಟ್’ ಎಂದು ಹೆಸರಿಟ್ಟ. ಹೊಳೆಯಾಚೆಯ ಹಂಪಿ ನೋಡಲು ಬರುವವರು ಎರಡು ದಿನ ಇಲ್ಲಿ ಇಳಿಯುತ್ತಾರೆ, ಉಂಡು ಮಲಗಿ ಹೋಗುತ್ತಾರೆ. ಅವರು ಬಿಟ್ಟು ಹೋದದ್ದೆಲ್ಲ ನಮ್ಮದು.

ಹಳಬರು ಹನ್ನೊಂದಕ್ಕೆ ಹೋಗಬೇಕು, ಹೊಸಬರು ಹನ್ನೆರಡಕ್ಕೆ ಬರಬೇಕು ಎಂಬುದು ಲೆಕ್ಕ. ನಡುವಿನ ಒಂದು ತಾಸಿನಲ್ಲಿ ಮೂರು ಕೋಣೆ, ಮೂರು ಸಂಡಾಸ, ಒಂದು ಅಡಿಗೆಮನೆ. ಆದರೆ ಹೋಗುವವರಿಗೆ ಕೂದಲು ಒಣಗಿರುವುದಿಲ್ಲ, ಬರುವವರಿಗೆ ತಡೆದುಕೊಳ್ಳಲು ಆಗುವುದಿಲ್ಲ. ಅಂದು ಹಾಗೇ ಆಯಿತು. ಹತ್ತು ಹುಡುಗರು ಕೋಳಿ ಬೇಯಿಸಿ ತಿಂದು, ಎಲುಬು, ತಳ ಹತ್ತಿದ ಅನ್ನ, ಸಿಗರೇಟಿನ ಬೂದಿ ಎಲ್ಲವನ್ನೂ ಸಿಂಕಿಗೆ ಸುರಿದು ಹೋದರು. ದುರಗಮ್ಮ ಮೊಳಕೈವರೆಗೆ ಅದರಲ್ಲಿ ಮುಳುಗಿದ್ದಾಗ ಹೈದರಾಬಾದಿನವರು ಮೂಗು ಮುಚ್ಚಿಕೊಂಡು ಒಳಗೆ ಬಂದರು. ಉಂಡೋರು ಉಂಡು ಹೋದರು, ಉರಿ ಬಿದ್ದದ್ದು ದುರಗಮ್ಮನ ಬೆನ್ನಿಗೆ.

ಅವಳಿಗೆ ಈ ಕೆಲಸ ಹೋದರೆ ಬೇರೆ ಕೆಲಸವಿಲ್ಲ. ಮೊಳಕಾಲು ಸವೆದ ಹೆಂಗಸನ್ನು ಭತ್ತದ ನಾಟಿಗೆ ಯಾರು ಕರೆಯುತ್ತಾರೆ? ಗಂಡ ಮಲಗಿದ ಕಡೆಯೇ ಇದ್ದಾನೆ. ಆ ದಿನ ಅವಳು ನನ್ನ ಹತ್ತಿರ ಬಂದು, “ನಸೀಮವ್ವ, ನನ್ನ ಅನ್ನ ಆ ಸಿಂಕಿನಾಗ ಐತಿ ನೋಡವ್ವ” ಎಂದಳು. 

ಆ ವಾರ ಧಾರವಾಡದ ಒಬ್ಬ ಟೀಚರು ಬಂದರು, ಭವಾನಿ ಅಂತ ಹೆಸರು. ಮುಂಜಾನೆ ಚಹಾ ಕುಡಿದವರೇ ಎದ್ದು ಕಪ್ಪು ತೊಳೆಯಲು ನಿಂತರು. ದುರಗಮ್ಮ ಓಡಿ ಹೋಗಿ ಕಪ್ಪಿಗೆ ಕೈ ಹಾಕಿದಳು. ಅವರು ಬಿಡಲೊಲ್ಲರು, ಇವಳು ಬಿಡಲೊಲ್ಲಳು. ಇಬ್ಬರ ಜಗ್ಗಾಟದಲ್ಲಿ ಕಪ್ಪಿನ ಕಿವಿ ಕಿತ್ತು ಹೋಗುತ್ತದೆ ಎಂದು ನಾನು ಅಂದುಕೊಂಡೆ.

“ಬಿಡ್ರೀ ಅಕ್ಕಾರ, ಸಾವ್ಕಾರ್ರಿಗೆ ಗೊತ್ತಾದ್ರ ನನ್ನ ಹೊರಗ ಹಾಕ್ತಾರ.”

“ಯಾಕ ಹಾಕ್ತಾರ? ಬಂದವರು ತಾವ ತೊಳೀಬೇಕಂತ ಅವರ ಬರದಾರಲ್ರಿ!”

“ಎಲ್ಲಿ ಬರದಾರ?”

ಅವರು ನಮ್ಮನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲ ಹಿಂದೆ, ಟವೆಲ್ ಹಾಕುವ ಗೂಟದ ಕೆಳಗೆ ತೋರಿಸಿದರು. ಅಲ್ಲಿ ಬಂಗಾರದ ಬಣ್ಣದ ಕಟ್ಟು ಹಾಕಿಸಿದ ಇಂಗ್ಲಿಷ್ ಕಾಗದವಿತ್ತು. ಸುಳ್ಳು ಯಾಕೆ ಹೇಳಲಿ, ಅದು ಯಾವುದೋ ದೇವರ ಮಂತ್ರ ಎಂದುಕೊಂಡು ದುರಗಮ್ಮ ಧೂಳು ಒರೆಸಿದಾಗಲೆಲ್ಲ ಕೈ ಮುಗಿಯುತ್ತಿದ್ದಳು. ಯಾವ ದೇವರಾದರೇನು ಎಂದು ನಾನೂ ಎರಡು ಸಲ ತಲೆ ಬಾಗಿಸಿದ್ದುಂಟು.

ಟೀಚರು ಕನ್ನಡ ಮಾಡಿ ಹೇಳಿದರು: “ಉಂಡ ತಾಟು, ಕುಡದ ಲೋಟ, ಅಡಿಗಿ ಮಾಡಿದ ಪಾತ್ರಿ ಬಂದವರ ತೊಳದಿಡಬೇಕು. ಯಾರಿಗೂ ವಿನಾಯಿತಿ ಇಲ್ಲ. ಕೆಳಗ ಮಾಲಕರ ಸಹಿ ಐತಿ ನೋಡ್ರಿ. ಮ್ಯಾಲ ಸ್ವಚ್ಛತಾದ ಹೆಸರಲೇ ನಮ್ಮ ಕಡಿಂದ ಬ್ಯಾರೆ ರೊಕ್ಕಾನೂ ತಗೊಂಡಾರ.”

ದುರಗಮ್ಮ ನಗಲು ಶುರು ಮಾಡಿದಳು. ನಕ್ಕು ನಕ್ಕು ನೆಲಕ್ಕೇ ಕುಳಿತಳು.

“ಅಯ್ಯ ಅಕ್ಕಾರ, ಇದು ನಮ್ಮ ಕೇರಿ ಕಾಯ್ದೆ ಅಲ್ಲೇನ್ರೀ! ಸಾವ್ಕಾರ್ರ ಅವ್ವ ಗುರುಲಿಂಗಮ್ಮ ಅವ್ವಾರು ತಮ್ಮ ಮನಿ ಹಿತ್ತಲದಾಗ ನನಗ ಚಾ ಹಾಕಿ ಏನಂತಾರ? ಕುಡಿ, ತೊಳಿ, ಗ್ವಾಡಿ ಮ್ಯಾಲ ಡಬ್ಬ ಹಾಕು ಅಂತಾರ. ನಮ್ಮವ್ವಗೂ ಅದ, ನಮ್ಮಜ್ಜಿಗೂ ಅದ. ಈಗ ಕಾರಿನಾಗ ಬಂದವರಿಗೂ ಇಂಗ್ಲೀಷಿನಾಗ ಅದ ಕಾಯ್ದೆ ಮಾಡ್ಯಾರಂದ್ರ ಸಮಾನತಾ ಬಂತು ಬಿಡ್ರಿ!”

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಕಾಯ್ದೆ ಬರೆಸಿದವನೂ ಅವನೇ, ಬಂದವರ ಮನಸ್ಸಿಗೆ ನೋವಾಗಬಾರದೆಂದು ಅದನ್ನು ಬಾಗಿಲ ಹಿಂದೆ ಅಡಗಿಸಿದವನೂ ಅವನೇ. ಬಂದವರು ತೊಳೆಯಬೇಕಾದ ಮುಸುರೆಗೆ ದುರಗಮ್ಮನನ್ನು ಬೈದವನೂ ಅವನೇ. ಭಾಡಕೌ!

“ಅಕ್ಕಾರ, ಇದನ್ನ ದೊಡ್ಡಾಗಿ ಕನ್ನಡದಾಗ ಬರದು ಕೊಡ್ರಿ” ಎಂದಳು ದುರಗಮ್ಮ.

“ಸಾಹುಕಾರ್ರು ಬೈದ್ರ?”

“ನಾ ಏನ ಹೊಸಾದು ಹೇಳಿಲ್ಲಲ್ರಿ. ಅವರ ಮಾತು, ಅವರ ಸಹಿ. ನಾ ಬರೇ ಮೊಳಿ ಹೊಡಿಯಾಕಿ.”

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಟೀಚರು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದರು. ಬಾಗಿಲ ಹಿಂದಿನ ಮಂತ್ರವನ್ನೂ ಕಿತ್ತು ತಂದು, ಎರಡನ್ನೂ ಸಿಂಕಿನ ಮೇಲೆ ಅಕ್ಕಪಕ್ಕ ಹೊಡೆದೆವು.

ಆಮೇಲೆ ಹದಿನೈದು ದಿನ ನಾವು ಕಂಡ ತಮಾಷೆ ಹೇಳತೀರದು. ಬಳ್ಳಾರಿಯ ಡಾಕ್ಟರೊಬ್ಬರು ಎರಡೇ ಬೆರಳಿನಲ್ಲಿ ಚಮಚ ತೊಳೆದರು. ಹೊಸದಾಗಿ ಮದುವೆಯಾದ ಒಬ್ಬ ಹೆಂಡತಿಯ ಎದುರು ಜೋರು ತೋರಿಸಲು ಹೋಗಿ ಎರಡು ಗಾಜಿನ ಲೋಟ ಒಡೆದ. ಕೆಲವರು ತೊಳೆಯುತ್ತಿರುವ ಫೋಟೋ ತೆಗೆಸಿಕೊಂಡರು, ಫೋಟೋ ಆದ ಮೇಲೆ ತೊಳೆಯುವುದನ್ನು ಬಿಟ್ಟರು. ದುರಗಮ್ಮ ಬೆನ್ನ ಹಿಂದೆ ಕೈ ಕಟ್ಟಿ ಸಾಲಿ ತಪಾಸಣೆಗೆ ಬಂದ ಸಾಹೇಬರ ಹಾಗೆ ನಿಲ್ಲುತ್ತಿದ್ದಳು. ಬೋರ್ಡಿಗೆ ಬೆರಳು ತೋರಿಸಿದರೆ ಮುಗಿಯಿತು, ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಹನ್ನೆರಡಕ್ಕೆ ಮನೆ ಕನ್ನಡಿಯಾಗುತ್ತಿತ್ತು. ಒಂದು ಕಂಪ್ಲೇಂಟೂ ಬರಲಿಲ್ಲ. ಗಿರಣಿಗೆ ಭತ್ತ ಬರುವ ಹಂಗಾಮಾದ್ದರಿಂದ ಸಾಹುಕಾರನೂ ಇತ್ತ ಹಾಯಲಿಲ್ಲ.

ಹಾಯ್ದದ್ದು ಬೀಗರಾಗುವವರನ್ನು ಕರೆದುಕೊಂಡೇ. ಅವನ ಮಗಳು ಅಮೃತಾಳನ್ನು ಬೇವೂರಿನ ಸಿದ್ದಲಿಂಗೇಶ ಎಂಬವರ ಮಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗನಿಗೆ ದೊಡ್ಡ ನೌಕರಿ. ಊಟ ಸ್ವಂತ ಮನೆಯಲ್ಲಿ ಹಾಕದೆ, ಇರುವುದೆಲ್ಲ ಕಾಣಲಿ ಎಂದು ಇಲ್ಲಿ ಹಾಕಿಸಿದ. ಮುಂಜಾನೆಯೇ ಫೋನು ಬಂತು: “ಬೀಗರ ಮುಂದ ಒಂದು ಕೂದಲ ಕಂಡ್ರೂ ಇವತ್ತ ನಿನ್ನ ಕಡೀ ದಿನ ದುರಗಿ. ಇಬ್ರೂ ಹಿತ್ತಲಾಗ ಇರ್ರಿ. ಕರದಾಗ ಬಂದು ತಾಟ ಎತ್ತರಿ.”

“ದುರಗಕ್ಕ, ಬೋರ್ಡ ಕಿತ್ತಿಡೂಣೇನ?” ಎಂದೆ.

“ಯಾಕ? ಮುಂಜಾನಿ ಹೋದವರು ತೊಳದು ಹೋಗ್ಯಾರ. ಮಧ್ಯಾಹ್ನ ಬರವರಿಗೆ ಬ್ಯಾರೆ ಕಾಯ್ದೆ ಐತೇನ?”

ಗಂಗಾವತಿಯಿಂದ ಬಂದ ಅಡಿಗೆಯವನು ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹೋಳಿಗೆ ಮಾಡಿಟ್ಟು ಹೋದ. ಅಮೃತಾಳೇ ಬಡಿಸಿ, ಕೊನೆಗೆ ಅಜ್ಜಿ ಗುರುಲಿಂಗಮ್ಮನ ಪಕ್ಕ ಊಟಕ್ಕೆ ಕುಳಿತಳು. ಬೀಗರು ಗಂಡ ಹೆಂಡತಿ ಇಬ್ಬರೇ ಬಂದಿದ್ದರು. ಸಿದ್ದಲಿಂಗೇಶ ಯಲಬುರ್ಗಾದ ಕಚೇರಿಯಲ್ಲಿ ಮೂವತ್ತು ವರ್ಷ ನೋಟೀಸು ಬರೆದು ನಿವೃತ್ತರಾದವರು. ಗೋಡೆಯ ಮೇಲೆ ಕಾಗದ ಕಂಡರೆ ಓದದೆ ಬಿಡುವವರಲ್ಲ. ಹೋಳಿಗೆ ಮುಗಿಸಿ ತಲೆ ಎತ್ತಿದವರೇ ಸಿಂಕಿನ ಮೇಲಿನ ಕೆಂಪು ಅಕ್ಷರವನ್ನು ಗಟ್ಟಿಯಾಗಿ ಓದಿದರು: “ಉಂಡ ತಾಟು ಉಂಡವರೇ ತೊಳೆಯತಕ್ಕದ್ದು. ಯಾರಿಗೂ ವಿನಾಯಿತಿ ಇಲ್ಲ.”

ಸಾಹುಕಾರ ಅದನ್ನು ಆಗಲೇ ಮೊದಲು ನೋಡಿದ್ದು. ಇಂಗು ತಿಂದ ಮಂಗನಂತಾದ. ನನ್ನದಲ್ಲ ಎಂದರೆ ಪಕ್ಕದಲ್ಲೇ ಸಹಿ ಇದೆ. ಹಿತ್ತಲ ಬಾಗಿಲ ಸಂದಿಯಿಂದ ನಾವು ನೋಡುತ್ತಿದ್ದಂತೆ ಅವನು ಹಲ್ಲು ಕಿರಿದ.

“ಹೌದ್ರೀ ಬೀಗರ, ನಮ್ಮಲ್ಲಿ ಭಾಳ ಶಿಸ್ತು. ಫಾರಿನ್ನವರು ಬಂದ್ರೂ ತಾವ ತೊಳದು ಹೋಗ್ತಾರ. ದೊಡ್ಡವ ಸಣ್ಣವ ಅನ್ನಂಗಿಲ್ಲ.”

“ಹೌದಾ? ದೊಡ್ಡವ ಸಣ್ಣವ ಅನ್ನಂಗಿಲ್ಲಾ?” ಎಂದವರು ಬೀಗಿತಿ ವಿರೂಪಾಕ್ಷಮ್ಮ. ಸೆರಗು ಸಿಗಿಸಿಕೊಂಡು, ತಾಟು ಎತ್ತಿಕೊಂಡು ಸಿಂಕಿನ ಕಡೆ ನಡೆದೇಬಿಟ್ಟರು.

“ಅಯ್ಯಯ್ಯ ಬೀಗಿತೇರ, ಬಿಡ್ರಿ ಬಿಡ್ರಿ! ಲೇ ದುರಗಿ, ಎಲ್ಲಿ ಸತ್ತಿ? ತಾಟ ತಗೋ ಬಾ!”

ದುರಗಮ್ಮ ಒಳಗೆ ಹೋಗಿ ಕೈ ಕಟ್ಟಿ ನಿಂತಳು. “ತಗೋತಿದ್ನಿರಿ ಸಾವ್ಕಾರ್ರ. ಆದ್ರ ನಿಮ್ಮ ಸಹಿ ಐತಲ್ರಿ. ನಾ ಹೆಂಗ ಮೀರ್ಲಿ?”

“ಆಕಿಗ್ಯಾಕ ಬೈತೀರಿ?” ವಿರೂಪಾಕ್ಷಮ್ಮ ನಲ್ಲಿ ತಿರುವಿದರು. “ಬೋರ್ಡ ಹಾಕಿದವರು ನೀವು. ನಮ್ಮ ಬೇವೂರ ಕಡೆ ನೀರಿಗೆ ಬರ ಐತಿ ಖರೆ, ಮಾತಿಗಿಲ್ರಿ. ಏನ್ರೀ, ಏಳ್ರಿ, ನೀವೂ ತೊಳಕೋರಿ.”

ಗಂಡ ಎದ್ದು ಬಂದರು. ಆ ತಾಯಿಗೆ ನಮ್ಮ ಮೇಲೆ ಕನಿಕರ ಉಕ್ಕಿತ್ತು ಎಂದು ತಿಳಿಯಬೇಡಿ. ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಾಲುವೆ ನೀರಿನಿಂದ ಶ್ರೀಮಂತನಾದವನ ಜಂಬ ಇಳಿಸಲು ಅವರಿಗೊಂದು ನೆಪ ಬೇಕಿತ್ತು. ಬೇರೆಯವರ ಮನೆಯಲ್ಲಿ ತಾಟು ತೊಳೆದ ಕೈಯನ್ನು ಒರೆಸಿಕೊಳ್ಳುತ್ತ ಸಾಹುಕಾರನ ತಾಟಿನ ಕಡೆ ನೋಡಿ, “ನಿಮ್ಮದು?” ಎಂದರು.

ಹೋದ. ಕೈಗಡಗ ಮೊಳಕೈಗೆ ಏರಿಸಿಕೊಂಡು ಹೋದ. ಅರ್ಧ ಬಾಟಲಿ ಸೋಪು ಸುರುವಿದ, ನೊರೆ ಎದ್ದು ಅವನ ಗದ್ದಕ್ಕೆ ಬಂತು. ಪಕ್ಕದಲ್ಲಿ ನಿಂತ ದುರಗಮ್ಮ ತಾಳ್ಮೆಯಿಂದ ಹೇಳಿಕೊಟ್ಟಳು.

“ಹಿಂದ ಹೊಳ್ಳಿಸ್ರಿ. ಹಾಂ. ಅಂಚಿನಾಗ ಎಣ್ಣಿ ಉಳದೈತ್ರಿ, ಇನ್ನೊಮ್ಮೆ ತಿಕ್ರಿ.”

“ನಾಳಿಂದ ಇಲ್ಲಿ ಕಾಲಿಟ್ಟರ ಕಾಲ ಮುರೀತೀನಿ ಬೋಸುಡಿ” ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

“ಏನಂದ್ರಿ ಸಾವ್ಕಾರ್ರ?” ದುರಗಮ್ಮ ಗಟ್ಟಿಯಾಗಿ ಕೇಳಿದಳು. “ನಾಳಿಂದ ಬರಬ್ಯಾಡಂದ್ರೇನ? ಯಾಕಂತ ಬೀಗರ ಮುಂದ ಹೇಳ್ರಿ, ಅವರೂ ಕೇಳ್ಲಿ.”

ನಲ್ಲಿ ಸುರಿಯುತ್ತಲೇ ಇತ್ತು. ಬೀಗರು ಇಬ್ಬರೂ ತಿರುಗಿ ನೋಡಿದರು.

“ಏನಿಲ್ಲ, ಏನಿಲ್ಲ. ನಾಳೆ ಲಗೂನ ಬಾ ಅಂದೆ.”

“ಬರ್ತೀನ್ರಿ.”

ನಾಳೆ ಏನಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬೀಗರ ಗಾಡಿ ಕಣ್ಮರೆಯಾಗುವವರೆಗೆ ಮಾತ್ರ ಆ ಕೆಲಸ ಅವಳದು. ಆದರೂ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ಕಂಡಿರಲಿಲ್ಲ.

ಅಮೃತಾ ತನ್ನ ತಾಟು ತಾನೇ ತೊಳೆದು ಬಂದು ಅಜ್ಜಿಯ ತಾಟಿಗೆ ಕೈ ಹಾಕಿದಳು. “ಉಂಡವರ ತೊಳೀಬೇಕಂತ ಬರದಾರವ್ವ” ಎಂದರು ವಿರೂಪಾಕ್ಷಮ್ಮ, ಬಲು ನಯವಾಗಿ. ಹುಡುಗಿ ಕೈ ಹಿಂದೆಗೆದಳು.

ಗುರುಲಿಂಗಮ್ಮನಿಗೆ ಎಪ್ಪತ್ತೆರಡು ವರ್ಷ. ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದಾಳೆ, ಇಡೀ ಓಣಿಗೆ ಕೇಳುವಂತೆ ಬೈಯುತ್ತಾಳೆ. ಅವಳು ಉಂಡ ತಾಟನ್ನು ಅವಳೇ ಎತ್ತಿದ್ದನ್ನು ಯಾರೂ ನೋಡಿಲ್ಲ. ಮಗನ ಕಡೆ ನೋಡಿದಳು. ಮಗ ನೊರೆ ನೋಡುತ್ತಿದ್ದ. ಸಿಂಕು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಕೊನೆಗೆ ಸಿಂಕಿನ ಪಕ್ಕ ನಿಂತವಳ ಕಡೆ ತಿರುಗಿ ಮೆಲ್ಲಗೆ ಕರೆದಳು.

“ಯವ್ವಾ ದುರಗಮ್ಮಾ...”

ದುರಗಮ್ಮ ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಅವಳೆದುರು ಕುಳಿತಳು. ಇನ್ನೊಂದನ್ನು ನನ್ನ ಕಡೆ ದೂಡಿದಳು. ನಾನೂ ಒಳಗೆ ಬಂದು ಕುಳಿತೆ. ಈ ಕುರ್ಚಿಯ ದಿಂಬಿನ ಗವಸುಗಳನ್ನು ಎಷ್ಟು ಸಲ ಒಗೆದಿದ್ದೇನೋ ಲೆಕ್ಕವಿಲ್ಲ, ಒಳಗೆ ಇಷ್ಟು ಮೆತ್ತಗಿದೆ ಎಂದು ತಿಳಿದಿರಲಿಲ್ಲ.

“ಸಾವಕಾಶ ಆಗ್ಲಿರಿ ಅವ್ವಾರ” ಎಂದಳು ದುರಗಮ್ಮ. “ನೀವು ಏಳೂತನಕ ನಾವು ಇಲ್ಲೇ ಕುಂತಿರ್ತೀವಿ.”

ಗುರುಲಿಂಗಮ್ಮನ ಎಂಜಲ ಕೈ ತಾಟಿನ ಮೇಲೇ ಇತ್ತು. ಬೆರಳಿಗೆ ಹತ್ತಿದ ಎಣ್ಣೆಗಾಯಿಯ ಮಸಾಲೆ ಒಣಗತೊಡಗಿತ್ತು. ಯಾರೂ ಏಳಲಿಲ್ಲ.