ಬಾಲದ ಮೇಲಿನ ಹಳೆ ಅಕ್ಷರ

ಮಕ್ತಲ್ ರಸ್ತೆಯ ಬೀಜದ ಗೋದಾಮಿಗೆ ಹೆಲಿಕಾಪ್ಟರ್ ಬಂದ ದಿನದಿಂದ ಗುರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಂಡ ಮಲ್ಲಣ್ಣ ಗದ್ವಾಲದ ಹತ್ತಿಬೀಜದ ವ್ಯಾಪಾರಿ. ಐವತ್ತು ದಾಟಿದ ಮೇಲೆ ಹಾರಲು ಕಲಿತು, ಲೈಸೆನ್ಸ್ ಪಡೆದು, ಇಬ್ಬರೇ ಕೂರಬಹುದಾದ ಈ ಹಳೆಯ ಯಂತ್ರ ಕೊಂಡಿದ್ದ. ಬಾಲದ ಮೇಲೆ ವಿ.ಟಿ. ಎಂದು ಶುರುವಾಗುವ ಹೊಸ ನೋಂದಣಿ ಮಿರುಗುತ್ತಿತ್ತು. ಆದರೆ ಸಂಜೆಬಿಸಿಲು ಓರೆಯಾಗಿ ಬಿದ್ದಾಗ ಬಣ್ಣದಡಿಯಿಂದ ಬೇರೆಯೇ ಅಕ್ಷರಗಳು ಉಬ್ಬಿ ಕಾಣುತ್ತಿದ್ದವು.

"ಇದು ಮೊದಲ ಯಾರ ಮನ್ಯಾಗ ಇತ್ರೀ?"

"ಹೊರದೇಶದಾಗ. ಅಲ್ಲಿ ಹೆಸರು ತಗಸಿ ಇಲ್ಲಿ ಹೊಸಾದು ಬರಸ್ಯಾರ. ಲಗ್ನದಾಗ ನಿನ್ನ ಹೆಸರೂ ಬದಲಾತಿಲ್ಲ?"

"ನನ್ನ ತವರುಮನಿ ನಿಮಗ ಗೊತ್ತಿತ್ತು. ಎತ್ತು ತರಾಕ ಹೋದ್ರ ಸುಳಿ ನೋಡ್ತೀರಿ. ಇದನ್ಯಾಕ ಕೊಟ್ರಂತ?"

ಮಲ್ಲಣ್ಣ ನಕ್ಕು ಜಾರಿಕೊಂಡ. ನಾರಾಯಣಪೇಟೆಯ ಮೆಕ್ಯಾನಿಕ್ ಪ್ರವೀಣ್ ಕುಮಾರನ ಬಾಯಿಂದ ಮಾತು ಹೊರಬಿತ್ತು: "ಒಮ್ಮೆ ಬಿದ್ದಿತ್ರೀ ಅಮ್ಮಾರ. ಕೆಟ್ಟದ್ದೆಲ್ಲ ಹೊಸಾದು ಹಾಕ್ಯಾರ. ಕಾಗದ ಪಕ್ಕಾ ಐತಿ."

ಬಿದ್ದಿತ್ತು ಎಂಬುದೊಂದೇ ಅವಳ ಕಿವಿಯಲ್ಲಿ ಉಳಿಯಿತು. ಹೊಸ ಯಂತ್ರದ ಪೂಜೆಯ ದಿನ ಎಲ್ಲರೂ ಊಟಕ್ಕೆ ಕೂತಾಗ, ಕೇಡು ತಾಗದಿರಲೆಂದು ಗುಡಿಯಿಂದ ತಂದ ಕರಿಕಂಬಳಿಯ ದಾರವನ್ನು ಬಾಲದ ತುದಿಯ ಸಣ್ಣ ಫ್ಯಾನಿನ ಬುಡಕ್ಕೆ ಸುತ್ತಿ ಗಂಟು ಹಾಕಿದಳು. ಟ್ರ್ಯಾಕ್ಟರಿಗೂ ಮೊಮ್ಮಗಳ ತೊಟ್ಟಿಲಿಗೂ ಕಟ್ಟಿದ್ದು ಅವಳೇ.

ಮರುದಿನ ಬೆಳಿಗ್ಗೆ ಮಲ್ಲಣ್ಣ ನಾರಾಯಣಪೇಟೆಗೆ ಹೊರಟ. ಸುತ್ತು ಹಾಕಿ ಎಲ್ಲ ಮುಟ್ಟಿ ನೋಡೋಣ ಎಂದ ಪ್ರವೀಣನಿಗೆ, "ನಿನ್ನೆ ಪೂಜಿಗಿ ಒರಸಿ ನೋಡಿಲ್ಲೇನಪ? ಬಿಸಿಲೇರತೈತಿ, ಆಕಡೆ ಸರಿ" ಎಂದು ಗದರಿ ಹತ್ತಿ ಕೂತ. ಎಂಜಿನ್ ಗುಡುಗಿತು. ಕ್ಲಚ್ ಇನ್ನೂ ಹಾಕಿರಲಿಲ್ಲ; ಮೇಲಿನ ರೆಕ್ಕೆಯೂ ಬಾಲದ ಫ್ಯಾನೂ ತಿರುಗಿರಲಿಲ್ಲ.

ವಚನ ಹೇಳಿಕೊಳ್ಳುತ್ತ ನಿಂತಿದ್ದ ಗುರಮ್ಮನ ಬಳಿ ಬಂದು ಪ್ರವೀಣ ಸದ್ದಿನ ಮೇಲೆ ದನಿ ಏರಿಸಿ ಹೇಳಿದ: "ನೋಡದ ಹತ್ತಬಾರದ್ರೀ. ಆ ಬಾಲದ ಫ್ಯಾನಿಗಿ ಬಟ್ಟಿ ಚೂರು ಸಿಕ್ಕರೂ ಸಾಕು, ಬುಗುರಿ ತಿರುಗಿದಂಗ ತಿರುಗಿ ಕೆಳಗ ಬೀಳತೈತಿ."

ವಚನ ಅರ್ಧಕ್ಕೇ ನಿಂತಿತು. ಅವಳು ಯಂತ್ರದ ಎದುರಿಗೆ ಓಡಿ, ಸೆರಗನ್ನು ಎರಡೂ ಕೈಯಲ್ಲಿ ಹರವಿ ಹಿಡಿದಳು. "ಇಳೀರಿ! ಮೊದಲ ಇಳೀರಿ!"

ಎಂಜಿನ್ ನಿಂತಿತು. "ತಲಿ ಕೆಟ್ಟೈತೇನ ನಿನಗ?" ಎನ್ನುತ್ತ ಮಲ್ಲಣ್ಣ ಇಳಿದ. ಅವಳು ಬಾಲದ ಕಡೆ ಬೆರಳು ಮಾಡಿದಳು. ಪ್ರವೀಣ ದಾರ ಕತ್ತರಿಸಿ ತಂದು ಅವನ ಅಂಗೈಯಲ್ಲಿಟ್ಟ. ಮಲ್ಲಣ್ಣನ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯಿತು.

"ಬಿದ್ದದ್ದು ನೀವ ಹೇಳಿದ್ರ ನಾ ಯಾಕ ಕದ್ದು ಕಟ್ಟತಿದ್ದೆ?"

"ಹೇಳಿದ್ರ ನೀ ಹಾರಾಕ ಬಿಡತಿದ್ದೇನು?"

"ಬಿದ್ದಾಗ ಯಾರಿದ್ರು ಒಳಗ?"

"ಒಬ್ಬಾತ. ಮೈ ಝಾಡಿಸಿಕೊಂಡು ತಾನ ನಡಕೊಂತ ಮನೀಗಿ ಹೋದನಂತ."

"ಇಷ್ಟು ಹೇಳಾಕ ಬಾಯಿ ಬಿದ್ದಿತ್ತೇನು!" ಗುರಮ್ಮ ಕೈ ಚಾಚಿ ಕೀಲಿ ಇಸಿದುಕೊಂಡಳು. ದಾರದ ಜೊತೆ ಅದನ್ನೂ ಸೆರಗಿನ ತುದಿಗೆ ಗಂಟು ಹಾಕಿದಳು. "ಪ್ರವೀಣಾ, ಮೊದಲಿಂದ ಎಲ್ಲಾ ನೋಡು, ನನಗೂ ತೋರಸು. ನೀವು ಇವತ್ತು ಬಸ್ಸಿಗಿ ಹೋಗ್ರಿ."