ಎರಡು ಸೆಕೆಂಡಿನ ಮೌನ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ರೇಡಿಯೋ ರಿಪೇರಿ ಅಂಗಡಿಯ ಷಟರ್ ಅರ್ಧ ಎದ್ದರೆ ಸಾಕು, ಮೂವರು ಹಾಜರು. ರಿಪೇರಿಗೆಂದು ರೇಡಿಯೋ ತರುವವರು ಈಗ ಯಾರೂ ಇಲ್ಲ. ಬರುವವರೆಲ್ಲ ಜಗಳವಾಡಲು ಬರುವವರೇ. ಒಬ್ಬರು ಟವರ್ ಸಾಹೇಬರು, ಊರಾಚೆಯ ಪ್ರಸಾರ ಗೋಪುರದ ಬುಡದಲ್ಲಿ ಮೂವತ್ತು ವರ್ಷ ಮೀಟರಿನ ಮುಳ್ಳು ಕಾದು ನಿವೃತ್ತರಾದವರು. ಇನ್ನೊಬ್ಬರು ಕಾರ್ಡ್ ಮೇಷ್ಟ್ರು. ದೂರದೂರದ ನಿಲಯಗಳನ್ನು ಹಿಡಿದು, ಯಾವ ಹೊತ್ತಿನಲ್ಲಿ ಹೇಗೆ ಕೇಳಿಸಿತು ಎಂದು ಪತ್ರ ಬರೆದು, ಹೌದು ಅದು ನಮ್ಮದೇ ಎಂದು ಆ ನಿಲಯದವರು ಕಳಿಸುವ ಕಾರ್ಡನ್ನು ಆಲ್ಬಮ್ಮಿಗೆ ಅಂಟಿಸುವುದು ಅವರ ಹುಚ್ಚು. ಮೂರನೆಯವನು ದರ್ಜಿ. ಅವನ ಬಳಿ ಮುನ್ನೂರ ಹನ್ನೆರಡು ಕ್ಯಾಸೆಟ್ಟುಗಳಿವೆ, ಅಷ್ಟರಲ್ಲೂ ಊರಿನ ನಿಲಯದಿಂದ ಇಳಿಸಿಕೊಂಡ ಹಾಡುಗಳು. ಆ ಹಾಡುಗಳನ್ನು ಇಪ್ಪತ್ತಾರು ವರ್ಷ ಪರಿಚಯಿಸಿದ ಉದ್ಘೋಷಕಿ ಅವನ ಸ್ವಂತ ಅಕ್ಕ.

ಆ ಭಾನುವಾರದ ಜಗಳ ಹೊಸ ಎಫ್‌ಎಂ ಬಗ್ಗೆ.

"ಅದೂ ಒಂದು ನಿಲಯವಾ?" ಎಂದರು ಟವರ್ ಸಾಹೇಬರು. "ಒಂದು ಕಂಪ್ಯೂಟರು, ಒಂದು ಕುರ್ಚಿ. ಕುರ್ಚಿ ಖಾಲಿ. ಐದು ಊರಿಗೆ ಒಬ್ಳೇ ಹುಡುಗಿ ಮಾತಾಡಿ ಇಟ್ಟು ಹೋಗಿರ್ತಾಳೆ. ಹೊರಗೆ ಗುಡುಗು ಹೊಡೀತಿದ್ರೂ 'ಎಂಥಾ ಒಳ್ಳೆ ಬಿಸಿಲು' ಅಂತಾಳೆ."

"ಸೌಂಡ್ ಕ್ಲಿಯರ್ ಇದೆಯಲ್ಲ ಸಾರ್," ಎಂದು ರಿಪೇರಿಯವನು ಬೇಕೆಂದೇ ಕೆಣಕಿದ. "ನಿಮ್ಮ ಮೀಡಿಯಂ ವೇವ್, ಪಕ್ಕದ ಮನೆಯವರು ಮಿಕ್ಸಿ ಹಾಕಿದ್ರೆ ಗೊರಗೊರ ಅಂತಿತ್ತು."

"ಗೊರಗೊರ ಅಂದ್ರೂ ನೂರೈವತ್ತು ಮೈಲಿ ಹೋಗ್ತಿತ್ತಪ್ಪಾ! ಇದು ಒಂದು ಗುಡ್ಡ ಅಡ್ಡ ಬಂದ್ರೆ ಬಾಲ ಮುದುರ್ಕೊಳ್ಳುತ್ತೆ."

ದರ್ಜಿಗೆ ತನ್ನದೇ ದೂರು. "ಹಾಡು ಪೂರ್ತಿ ಹಾಕಲ್ವಲ್ಲ ಸಾಹೇಬ್ರೇ! ಕೊನೆ ಚರಣಕ್ಕೆ ಬರೋಷ್ಟ್ರಲ್ಲಿ ಇನ್ನೊಂದು ಹಾಡು ಮೈಮೇಲೆ ಬೀಳುತ್ತೆ. ನಾನು ಪಾಜ್ ಒತ್ತೋದೆಲ್ಲಿ?"

ಎಲ್ಲರೂ ನಕ್ಕರು. ದರ್ಜಿಯ ಪಾಜ್ ಗುಂಡಿಯ ಸುದ್ದಿ ಆ ಅಂಗಡಿಯಲ್ಲಿ ಯಾರಿಗೆ ಗೊತ್ತಿಲ್ಲ? ಹೊಲಿಗೆ ಯಂತ್ರದ ಪಕ್ಕದಲ್ಲೇ ಅವನ ರೆಕಾರ್ಡರು. ಕಾಲು ಪೆಡಲಿನ ಮೇಲೆ, ಕಿವಿ ರೇಡಿಯೋ ಕಡೆ. ಹಾಡು ಮುಗಿಯಿತೋ, ಹೆಬ್ಬೆರಳು ಪಾಜ್ ಒತ್ತಿ ಟೇಪನ್ನು ನಿಲ್ಲಿಸುತ್ತಿತ್ತು. ಉದ್ಘೋಷಕಿಯ ಮಾತು ಮುಗಿದೊಡನೆ ಗುಂಡಿ ಬಿಟ್ಟರೆ ಮುಂದಿನ ಹಾಡು ಮೊದಲ ಸ್ವರದಿಂದಲೇ ಶುರು. ನಡುವೆ ಒಂದು ಕೆಮ್ಮಿಲ್ಲ, ಒಂದು ಅಕ್ಷರವಿಲ್ಲ. ಅಕ್ಕ ಮಾತು ಮುಗಿಸುವುದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಕೊನೆಯ ಪದಕ್ಕೆ ಅವಳ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಅವಳ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಊರಿನಲ್ಲಿ ಇನ್ನೊಬ್ಬರಿಲ್ಲ. ಕೇಳಿದ್ದು ಮಾತ್ರ ಅದನ್ನು ತೆಗೆದುಹಾಕಲಿಕ್ಕೆ.

ನಗು ಇನ್ನೂ ನಿಂತಿರಲಿಲ್ಲ, ಅರ್ಧ ಷಟರಿನ ಕೆಳಗೆ ತಲೆ ಬಗ್ಗಿಸಿ ಅಕ್ಕನ ಮಗಳು ಒಳಗೆ ಬಂದಳು.

"ಮಾಮ, ನಿಮ್ಮ ಅಂಗಡಿಗೆ ಹೋಗಿದ್ದೆ, ಬೀಗ ಇತ್ತು. ಇಲ್ಲೇ ಇರ್ತೀರ ಅಂತ ಅಮ್ಮ ಬರೆದ್ಳು."

ನಾಲ್ಕು ತಿಂಗಳ ಹಿಂದೆ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ ಮೇಲೆ ಅಕ್ಕ ಏನು ಹೇಳುವುದಿದ್ದರೂ ಸ್ಲೇಟಿನ ಮೇಲೆ ಬರೆದೇ ಹೇಳಬೇಕು. ಅವಳು ಬರೆದು ಮುಗಿಸುವವರೆಗೆ ಕಾಯುವ ತಾಳ್ಮೆ ಮನೆಯಲ್ಲಿ ಯಾರಿಗೂ ಇಲ್ಲ. ಎರಡು ಪದ ನೋಡಿ ಉಳಿದದ್ದನ್ನು ತಾವೇ ಹೇಳಿಬಿಡುತ್ತಾರೆ. ದರ್ಜಿಯೂ ಹಾಗೆಯೇ ಮಾಡಿದ್ದ, ಒಂದಲ್ಲ ಹತ್ತು ಸಲ.

"ಆಸ್ಪತ್ರೇಲಿ ಮಾತು ಕಲಿಸೋ ಮೇಡಂ ಒಂದು ಉಪಾಯ ಹೇಳಿದ್ದಾರೆ ಮಾಮ. ಅಮ್ಮ ಫೋನಲ್ಲಿ ಟೈಪ್ ಮಾಡಿದ್ರೆ ಫೋನು ಅಮ್ಮನ ದನಿಲೇ ಮಾತಾಡುತ್ತಂತೆ! ಅದಕ್ಕೆ ಅಮ್ಮನ ಹಳೇ ದನಿ ಬೇಕು. ಇಪ್ಪತ್ತು ನಿಮಿಷ ಸಾಕು, ಹಿಂದೆ ಗದ್ದಲ ಇರಬಾರ್ದು. ಮನೇಲಿರೋ ವಿಡಿಯೋಗಳಲ್ಲಿ ಬರೀ ನಮ್ಮ ಕಿರುಚಾಟ. ಈಚಿನ ಮೂರು ವರ್ಷದ್ದಂತೂ ದನಿ ಒಡೆದು ಹೋಗಿರೋದು."

"ಇಲ್ಲದಿದ್ರೆ?" ಎಂದರು ಮೇಷ್ಟ್ರು.

"ಇಲ್ಲದಿದ್ರೆ ಆ ಕಂಪನಿಯವರದೇ ದನಿ. ಬಸ್ ನಿಲ್ದಾಣದಲ್ಲಿ ಕೂಗ್ತಾರಲ್ಲ, ಆ ಥರ. ಮೇಡಂ ಒಂದ್ಸಲ ಕೇಳಿಸಿದ್ರು. ಅಮ್ಮ ಫೋನನ್ನ ಮಗುಚಿ ಇಟ್ಬಿಟ್ಳು." ಅವಳು ದರ್ಜಿಯ ಕಡೆ ತಿರುಗಿದಳು. "'ಮಾಮನ್ನ ಕೇಳಿ ನೋಡು' ಅಂತ ಅಮ್ಮನೇ ಬರೆದು ಕೊಟ್ಳು. ಮುನ್ನೂರು ಕ್ಯಾಸೆಟ್ ಅಲ್ವಾ ಮಾಮ? ಇಪ್ಪತ್ತು ನಿಮಿಷ ಏನು, ಇಪ್ಪತ್ತು ಗಂಟೆ ಸಿಗುತ್ತೆ!"

ರಿಪೇರಿಯವನು ಕೈಯಲ್ಲಿದ್ದ ತಿರುಪುಳಿಯನ್ನು ನೋಡುತ್ತ ಕುಳಿತ. ದರ್ಜಿಯ ನಾಲಿಗೆಯ ತುದಿಗೆ ನಿಜ ಬಂದಿತ್ತು, ಆದರೆ ಆ ಹುಡುಗಿಯ ಮುಖದಲ್ಲಿದ್ದ ಖುಷಿ ಅದನ್ನು ವಾಪಸ್ಸು ನೂಕಿತು.

"ಹುಡುಕ್ತೀನಿ ಕಣಮ್ಮ," ಎಂದ. "ಬರೋ ಭಾನುವಾರ ನಾನೇ ಮನೆಗೆ ಬರ್ತೀನಿ."

ಅವಳು ಹೋದ ಮೇಲೆ ಮೇಷ್ಟ್ರು ಮೆಲ್ಲಗೆ ಕೇಳಿದರು. "ನಿಲಯದಲ್ಲಿ ಇರಲ್ವಾ ಸಾಹೇಬ್ರೇ? ಎಷ್ಟಾದ್ರೂ ಇಪ್ಪತ್ತಾರು ವರ್ಷ."

"ನಾಟಕ ಇಟ್ಕೊಂಡಿದ್ದಾರೆ, ದೊಡ್ಡವರ ಭಾಷಣ ಇಟ್ಕೊಂಡಿದ್ದಾರೆ. ಹಾಡಿನ ನಡುವೆ ಆಡೋ ಮಾತು ಯಾರಿಗೆ ಬೇಕಿತ್ತು? ಅದು ನೇರ ಪ್ರಸಾರ. ಬಾಯಿಂದ ಹೊರಟು ಗಾಳಿಗೆ ಹೋಯ್ತು, ಅಷ್ಟೆ."

"ಒಂದಾದ್ರೂ ಕ್ಯಾಸೆಟ್ಟಲ್ಲಿ ಕೈ ತಡ ಆಗಿರ್ಬೇಕಲ್ಲ," ಎಂದ ರಿಪೇರಿಯವನು. "ಎಲ್ಲಾನೂ ತಗೊಂಡ್ಬಾ. ನಾಲ್ಕು ಜನ ಇದ್ದೀವಿ, ಕೇಳೇ ಬಿಡೋಣ."

ಆ ವಾರ ದರ್ಜಿಯ ಅಂಗಡಿ ತೆರೆಯಲಿಲ್ಲ. ಕ್ಯಾಸೆಟ್ಟುಗಳು ಬಟ್ಟೆಯ ಗಂಟುಗಳಲ್ಲಿ ರಿಪೇರಿ ಅಂಗಡಿಗೆ ಬಂದವು. ನಾಲ್ಕು ಟೇಪು ಯಂತ್ರಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ನಾಲ್ವರೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತರು. ಹಾಡನ್ನು ಮುಂದಕ್ಕೆ ಓಡಿಸುವುದು, ಹಾಡು ಮುಗಿಯುವ ಜಾಗದಲ್ಲಿ ನಿಲ್ಲಿಸಿ ಕೇಳುವುದು. ಇಷ್ಟು ವರ್ಷ ದರ್ಜಿ ಹಾಡನ್ನು ಉಳಿಸಿಕೊಂಡು ಮಾತನ್ನು ಬಿಟ್ಟಿದ್ದ. ಈಗ ಹಾಡೇ ಅಡ್ಡಿಯಾಯಿತು. ಒಂದು ಕಾಲಕ್ಕೆ ಪ್ರಾಣ ಬಿಡುತ್ತಿದ್ದ ಹಾಡುಗಳ ಮೇಲೆ ಅವನಿಗೆ ಸಿಟ್ಟು ಬಂತು.

ಮೊದಲ ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಆಸೆ ಚಿಗುರಿತು. ಆಗ ಅವನ ಬೆರಳು ಇನ್ನೂ ಪಳಗಿರಲಿಲ್ಲ. ಹಾಡಿನ ಕೊನೆಯಲ್ಲಿ 'ಈಗ' ಎಂಬ ಮಾತು, ಇನ್ನೊಂದು ಕಡೆ 'ಮುಂದಿ', ಮತ್ತೊಂದು ಕಡೆ 'ಕೇಳುಗ', ಎಲ್ಲವೂ ಬಾಗಿಲಿಗೆ ಸಿಕ್ಕಿಕೊಂಡ ಸೆರಗಿನಂತೆ ಅರ್ಧಕ್ಕೇ ತುಂಡು. ರಿಪೇರಿಯವನು ಪ್ರತಿ ಚೂರನ್ನೂ ಕಂಪ್ಯೂಟರಿಗೆ ಇಳಿಸಿಕೊಂಡ. ಹನ್ನೆರಡನೆಯ ಕ್ಯಾಸೆಟ್ಟಿನಿಂದ ಮುಂದೆ ಏನೂ ಇಲ್ಲ. ಹಾಡು, ಮೌನ, ಹಾಡು. ಇಪ್ಪತ್ತು, ಐವತ್ತು, ನೂರು ಕ್ಯಾಸೆಟ್ಟು ಕಳೆದರೂ ಅದೇ ಪಾಡು.

"ಇದೇನಪ್ಪಾ, ಇಷ್ಟು ಸ್ವಚ್ಛ!" ಎಂದರು ಮೇಷ್ಟ್ರು ಶುಕ್ರವಾರ ಮಧ್ಯಾಹ್ನ. "ಮನುಷ್ಯನ ಬೆರಳಿಗೆ ಇಷ್ಟು ಚುರುಕು ಬರೋಕೆ ಸಾಧ್ಯವೇ ಇಲ್ಲ."

ದರ್ಜಿ ಹೆಡ್‌ಫೋನ್ ತೆಗೆದ. "ಬೆರಳಿಂದಲ್ಲ ಮೇಷ್ಟ್ರೇ. ನಾನೇ ಅಕ್ಕನ ಹತ್ರ ಜಗಳ ಆಡಿದ್ದೆ. 'ಹಾಡಿನ ಬಾಲ ಬಿಡೋಕೆ ಮುಂಚೆನೇ ಬಾಯಿ ಹಾಕ್ತೀಯ, ನನ್ನ ಟೇಪೆಲ್ಲ ಹಾಳು, ಎರಡು ಸೆಕೆಂಡು ಬಾಯಿ ಮುಚ್ಕೊಂಡಿರೋಕೆ ಏನು ಕಷ್ಟ' ಅಂದಿದ್ದೆ. ಮಾರನೇ ದಿನದಿಂದ ಅವಳು ಎರಡು ಸೆಕೆಂಡು ಬಿಟ್ಟೇ ಮಾತು ಶುರು ಮಾಡ್ತಿದ್ಳು."

ಟವರ್ ಸಾಹೇಬರು ಅವನನ್ನೇ ದಿಟ್ಟಿಸಿದರು. "ಅದು ನಿನ್ನಿಂದಲಾ?"

"ಯಾಕೆ ಸಾಹೇಬ್ರೇ?"

"ಗೋಪುರದ ಹತ್ರ ಕೂತಿದ್ದ ನಾವು ಮೀಟರಿನ ಮುಳ್ಳು ದಪ್ ಅಂತ ಬಿದ್ದ ಕೂಡ್ಲೇ ಲೈನ್ ಹೋಯ್ತೇನೋ ಅಂತ ಎದ್ದು ಓಡ್ತಿದ್ವಿ. ಪ್ರಸಾರದಲ್ಲಿ ಎರಡು ಸೆಕೆಂಡು ಅಂದ್ರೆ ಏನಂದ್ಕೊಂಡೆ? ನಾನೇ ಎರಡು ಸಲ ನಿಮ್ಮಕ್ಕನ ಮೇಲೆ ದೂರು ಬರೆದು ಕಳಿಸಿದ್ದೆ. ನಿಲಯದವರು ಮೆಮೊ ಕೊಟ್ರು, ಒಂದು ತಿಂಗಳು ಬೆಳಗಿನ ಪಾಳಿಯಿಂದಲೇ ತೆಗೆದ್ರು. ಕಾರಣ ಕೇಳಿದ್ರೆ 'ಅಭ್ಯಾಸ ಆಗ್ಹೋಗಿದೆ ಸಾರ್' ಅಂತಿದ್ರು. ವಾಪಸ್ ಬಂದ ಮೇಲೂ ಬಿಡ್ಲಿಲ್ಲ, ಅದೇ ಎರಡು ಸೆಕೆಂಡು."

ಆ ತಿಂಗಳು ದರ್ಜಿಗೆ ನೆನಪಿತ್ತು. ಬೆಳಿಗ್ಗೆ ಬೇರೆ ಯಾರೋ ಮಾತಾಡುತ್ತಿದ್ದರು, ಅಂತರ ಬಿಡುತ್ತಿರಲಿಲ್ಲ. ಅವನು ಅಕ್ಕನ ಮನೆಗೆ ಹೋಗಿ, ನೀನು ರಜೆ ಹಾಕಿದ್ದಕ್ಕೆ ನನ್ನ ರೆಕಾರ್ಡಿಂಗ್ ಎಲ್ಲ ಎಕ್ಕುಟ್ಟಿತು, ಅಳಿಸಬೇಕಾಯಿತು ಎಂದು ಗೊಣಗಿ ಬಂದಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು. ಈಗ ಅವನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅಂಗಿ ಹೊಲಿದು ಉಳಿದ ಅಂಗೈಯಗಲದ ಚೂರನ್ನೂ, ಬೇಕಾದೀತೆಂದು ಚೀಲದಲ್ಲಿ ತುರುಕಿಡುವ ಮನುಷ್ಯ ಅವನು. ಅಕ್ಕನ ಒಂದು ವಾಕ್ಯವನ್ನು ಇಟ್ಟುಕೊಳ್ಳಬೇಕು ಅಂತ ಒಂದು ದಿನವೂ ಅವನಿಗೆ ಹೊಳೆಯಲಿಲ್ಲ. ನಾಳೆಯೂ ಮಾತಾಡುತ್ತಾಳಲ್ಲ, ಅದನ್ನೇನು ಕೂಡಿಡುವುದು ಅಂದುಕೊಂಡಿದ್ದ.

ಶನಿವಾರ ಸಂಜೆಗೆ ಮುನ್ನೂರ ಹನ್ನೆರಡೂ ಮುಗಿದವು. ಸಿಕ್ಕಿದ್ದು ನಲವತ್ತೊಂದು ಸೆಕೆಂಡು. ಮೇಷ್ಟ್ರು ತಮ್ಮ ಪೆಟ್ಟಿಗೆ ಜಾಲಾಡಿ, ಯಾವುದೋ ದೂರದ ಊರಿನಲ್ಲಿ ಹಿಡಿದು ಪುರಾವೆಗೆಂದು ಇಳಿಸಿಕೊಂಡ ಅರ್ಧ ನಿಮಿಷ ತಂದರು. ಅಕ್ಕ ನಿಲಯದ ಹೆಸರು ಹೇಳುತ್ತಿದ್ದುದು ಹೌದು, ಆದರೆ ಮೇಲೆಲ್ಲ ಮರಳು ಸುರಿದಂಥ ಸದ್ದು. ರಿಪೇರಿಯವನು ಎಷ್ಟು ಸೋಸಿದರೂ ಮರಳಿನ ಜೊತೆ ದನಿಯೂ ಹೋಗುತ್ತಿತ್ತು.

"ಇದು ಆಗಲ್ಲ," ಎಂದ ಅವನು ಕೊನೆಗೆ. ನಲವತ್ತೊಂದು ಸೆಕೆಂಡಿನ ಚೂರುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿ ದರ್ಜಿಯ ಕೈಗಿಟ್ಟ. "ಇದ್ದಷ್ಟು ಇದು. ತಗೊಂಡ್ಹೋಗು."

ಭಾನುವಾರ ಮಧ್ಯಾಹ್ನ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಉಸಿರಾಡಲೆಂದು ಕತ್ತಿನಲ್ಲಿ ಮಾಡಿದ್ದ ತೂತಿನ ಮೇಲೆ ತೆಳು ಬಟ್ಟೆಯ ಪಟ್ಟಿ, ತೊಡೆಯ ಮೇಲೆ ಸ್ಲೇಟು. ಮಗಳು ಆಸೆಯಿಂದ ನೋಡಿದಳು. ದರ್ಜಿ ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟು, ಅಕ್ಕನ ಎದುರು ನೆಲದ ಮೇಲೆ ಕುಳಿತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೋ ಹಾರಿಹೋದವು.

"ಅಕ್ಕ, ನಿನ್ನ ದನಿ ನನ್ನ ಹತ್ರ ಇಲ್ಲ. ಒಂದು ನಿಮಿಷದಷ್ಟೂ ಇಲ್ಲ. ಎಲ್ಲಾ ನಾನೇ ತೆಗೆದುಹಾಕಿದ್ದೀನಿ."

ಮಗಳು ಒಳಕೋಣೆಗೆ ಹೊರಟುಹೋದಳು. ಅಕ್ಕ ಬಳಪ ಎತ್ತಿಕೊಂಡಳು. 'ಗೊತ್ತಿತ್ತು' ಎಂದು ಬರೆದಳು. ಅಂಗೈಯಿಂದ ಒರೆಸಿ ಮತ್ತೆ ಬರೆದಳು: 'ಎರಡು ಸೆಕೆಂಡು ಬಿಟ್ಟುಕೊಟ್ಟಿದ್ದು ನಾನೇ ಅಲ್ವಾ?'

"ಮೆಮೊ ವಿಷಯ ಯಾಕೆ ಹೇಳ್ಲಿಲ್ಲ ನನಗೆ?"

ಅವಳು ಕೈಯಾಡಿಸಿ ಅದನ್ನು ತಳ್ಳಿಹಾಕಿದಳು.

"ಮತ್ತೆ, ಗೊತ್ತಿದ್ದೂ ಮಗಳನ್ನ ಯಾಕೆ ಕಳಿಸ್ದೆ ಅಕ್ಕ?"

ಈ ಸಲ ಅವಳು ತುಂಬ ಹೊತ್ತು ಬರೆದಳು. ಮೊದಲ ಎರಡು ಪದ ಕಂಡೊಡನೆ ಉಳಿದದ್ದನ್ನು ಊಹಿಸಲು ಅವನ ಬಾಯಿ ತೆರೆಯಿತು. ಅವನು ತುಟಿ ಕಚ್ಚಿ ಕಾದ. ಅಕ್ಕ ಸ್ಲೇಟನ್ನು ಅವನ ಕಡೆ ತಿರುಗಿಸಿದಳು.

'ಇಪ್ಪತ್ತಾರು ವರ್ಷದಲ್ಲಿ ಒಂದು ದಿನವಾದರೂ ಕೇಳುತ್ತಾ ಮೈಮರೆತು ಗುಂಡಿ ಒತ್ತೋದು ಮರೆತಿರುತ್ತೀಯ ಅಂದ್ಕೊಂಡೆ.'

ದರ್ಜಿ ಅವಳ ಮೊಣಕಾಲಿಗೆ ಹಣೆ ಹಚ್ಚಿ ಗಳಗಳನೆ ಅತ್ತ. ತಾನು ಎಂದೂ ಮರೆತಿರಲಿಲ್ಲ ಎಂಬುದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಅಕ್ಕ ಅವನ ತಲೆಯ ಮೇಲೆ ಬಳಪದ ಧೂಳಿನ ಕೈ ಇಟ್ಟುಕೊಂಡು ಕುಳಿತಳು. ಆಮೇಲೆ ಅವನ ಭುಜ ತಟ್ಟಿ ರೆಕಾರ್ಡರಿನ ಕಡೆ ಬೆರಳು ತೋರಿಸಿದಳು.

ಅವನು ಮೂಗೊರೆಸಿಕೊಂಡು ಟೇಪು ಹಾಕಿದ.

'ಈಗ' ಎಂದಿತು ಅಕ್ಕನ ಹಳೆಯ ದನಿ. ಅದರ ಹಿಂದೆಯೇ ಮುಂದಿನ ಚೂರು ನುಗ್ಗಿ ಬರುವುದರಲ್ಲಿತ್ತು, ಅಕ್ಕ ಸರಕ್ಕನೆ ಕೈ ಎತ್ತಿದಳು. ಅವನ ಹೆಬ್ಬೆರಳು ತಾನಾಗಿ ಪಾಜ್ ಒತ್ತಿತು. ಅವಳ ಬೆನ್ನು ನೆಟ್ಟಗಾಯಿತು. ತುಟಿಗಳು ಅಲುಗತೊಡಗಿದವು, ಒಂದಿಷ್ಟೂ ಅವಸರವಿಲ್ಲದೆ, ಎದುರಿಗೆ ಮೈಕು ಇದ್ದಂತೆಯೇ. ಈಗ ಯಾರ ಹಾಡು, ಯಾರ ಕೋರಿಕೆ, ಯಾವ ಊರಿನವರು ಎಲ್ಲವನ್ನೂ ಅವಳು ಹೇಳುತ್ತಿದ್ದಳು. ಕತ್ತಿನ ಪಟ್ಟಿ ಉಸಿರಿಗೆ ಮೆಲ್ಲಗೆ ಏರಿಳಿಯಿತು, ಸದ್ದು ಮಾತ್ರ ಇರಲಿಲ್ಲ. ಕೊನೆಯ ಪದಕ್ಕೆ ಅವಳ ಗದ್ದ ತುಸು ಕೆಳಗಿಳಿಯಿತು. ಮುಗಿಯಿತು ಎಂದು ಅವನಿಗೆ ತಿಳಿಯಿತು. ಅವನು ಗುಂಡಿ ಬಿಟ್ಟ.

'ಮುಂದಿ' ಎಂದಿತು ಟೇಪು. ಅವನು ಮತ್ತೆ ನಿಲ್ಲಿಸಿ ಕಾದ.

ನಲವತ್ತೊಂದು ಸೆಕೆಂಡಿನ ಆ ಟೇಪು ಮುಗಿಯಲು ಅಂದು ಒಂದು ಗಂಟೆಯ ಮೇಲೆ ಹಿಡಿಯಿತು.