ಪೆಪ್ಟೈಡ್ ಹಾಕದ ಕೊಳವೆ

ಪ್ರಿಂಟರಿನಿಂದ ಕಾಗದ ಕಿರುಗುಟ್ಟುತ್ತ ಹೊರಬರುತ್ತಿದೆ, ಮೊದಲು ಅಗಲವಾದ ಗುಡ್ಡ, ಪಕ್ಕದಲ್ಲಿ ಸೂಜಿಯಂಥ ಆ ಗೆರೆ, ಬರಬಾರದಿತ್ತು ಅದು — ಯಂತ್ರದ ಆಯಸ್ಕಾಂತದೊಳಗಿನ ಈ ಕೊಳವೆಗೆ ಪೆಪ್ಟೈಡ್, ಆ ಪ್ರೋಟೀನಿನ ತುಣುಕು, ಹಾಕಿಯೇ ಇಲ್ಲವಲ್ಲ, ಇರುವುದು ಬರೀ ಕೊಬ್ಬಿನ ಪೊರೆ, ಶಾರದಳಿಗೆ ಅಳು ಬರಬೇಕಿತ್ತು, ಬರಲಿಲ್ಲ, ಹಲ್ಲು ಕೀಳಿಸಿಕೊಂಡ ವಸಡಿನ ಹಾಗೆ ಎಲ್ಲ ಮರಗಟ್ಟಿದೆ. ಪೆಪ್ಟೈಡ್ ಹೊಕ್ಕು ಪೊರೆಯನ್ನು ಕದಡಿದರೆ ಮಾತ್ರ ಈ ಗೆರೆ ಏಳುವುದು ಅಂತ ತಾನೇ ವರ್ಷವಿಡೀ ಹಿಗ್ಗಿದ್ದು, ಶಿವಲಿಂಗಯ್ಯ ಮೇಷ್ಟ್ರು ಇವತ್ತು ನಾಲ್ಕಕ್ಕೆ ನಿವೃತ್ತಿಯ ಉಪನ್ಯಾಸದಲ್ಲಿ ತೋರಿಸಲಿರುವುದೂ ಅದನ್ನೇ, ಈಗ ಮೂರೂಕಾಲು. ಹಾಗಾದರೆ ಕೊಬ್ಬೇ ಕೆಟ್ಟಿದೆ, ಯಾವಾಗ — ಮೊಟ್ಟೆಯ ಹಳದಿಯಿಂದ ತಾನೇ ತೆಗೆದದ್ದು, ಮೊಟ್ಟೆ ಮುಟ್ಟಿ ಬಂದಿದೀಯ, ಸ್ನಾನ ಮಾಡ್ದೆ ಅಡುಗೆಮನೆಗೆ ಕಾಲಿಡ್ಬೇಡ ಕಣೆ, ಅಮ್ಮ ಇಂದಿಗೂ ಬಾಗಿಲಲ್ಲೇ ತಡೆಯುತ್ತಾಳೆ — ಆಗ ಪೆಪ್ಟೈಡ್ ಇಲ್ಲದೆ ನೋಡಿದ್ದಳು, ಬರೀ ಗುಡ್ಡ, ಮತ್ತೆ ಯಾಕೆ ನೋಡುವುದು ಅಂತ ಸುಮ್ಮನಾಗಿದ್ದಳು, ಆಮೇಲೆ ಬಂತು ಆಯುಧಪೂಜೆ, ಯಂತ್ರಗಳನ್ನೆಲ್ಲ ಒರೆಸಿ, ವಿಭೂತಿ ಬಳಿದು, ಚೆಂಡುಹೂ ಏರಿಸಿ, ಪೂಜೆಯಾದ ಯಂತ್ರಕ್ಕೆ ಅವತ್ತು ಕೆಲಸ ಹೇಳಬಾರದು ಅಂತ ಒಂದೊಂದೇ ಸ್ವಿಚ್ಚು ಆರಿಸಿದವಳು ಯಾರು, ಅವಳೇ, ಕೊಬ್ಬು ಇಟ್ಟಿದ್ದ ಫ್ರೀಜರಿನದನ್ನೂ, ಮೂರನೇ ದಿನ ಬಂದು ಮತ್ತೆ ಹಾಕಿದಳು, ಕರಗಿದ್ದೆಲ್ಲ ಸಂಜೆಯ ಹೊತ್ತಿಗೆ ಮೊದಲಿನಂತೆ ಗಟ್ಟಿಯಾಗಿತ್ತು, ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಏನಿದೆ ಅಂದುಕೊಂಡಳು.

ಸಭಾಂಗಣದ ಬಾಗಿಲಲ್ಲಿ ಹೇಳಿಯೇಬಿಟ್ಟಳು, ಎಲ್ಲವನ್ನೂ, ಪಾಠ ಒಪ್ಪಿಸುವಂತೆ, ಮೇಷ್ಟ್ರು ಕಾಗದ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ನಾಳೆ ಹೇಳಮ್ಮ ಇದನ್ನ, ಇವತ್ತು ನಮ್ಮನೆಯೋರು ಬಂದವ್ರೆ, ಮೂವತ್ತು ವರ್ಷದಲ್ಲಿ ಮೊದಲನೇ ಸಲ, ಅಷ್ಟೇ ಅಂದು ಒಳಗೆ ಹೋದರು. ಅವರ ಹೆಂಡತಿ ಪುಟ್ಟಬಸಮ್ಮ ಮುಂದಿನ ಸಾಲಿನಲ್ಲಿದ್ದಾರೆ, ರೇಷ್ಮೆ ಸೀರೆ, ಇವಳನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡರು, ಆ ಗೆರೆ ಕಂಡುಹಿಡಿದಿದ್ದು ನೀನೇ ಅಂತೆ ಅಲ್ವೇನಮ್ಮ, ಊಟಕ್ಕೆ ಕೂತ್ರೂ ಇವ್ರು ಅದನ್ನೇ ಹೇಳೋರು, ಶಾರದ ಹೂಂ ಅಂದಳು, ದೀಪ ಆರಿತು, ಪರದೆಯ ಮೇಲೆ ಗುಡ್ಡ ಮೂಡಿತು, ಗೆರೆ ಮೂಡಿತು, ಇದು — ಅಂದರು ಮೇಷ್ಟ್ರು, ಪ್ರೊಜೆಕ್ಟರಿನ ಗಾಜಿನ ಮೇಲಿಟ್ಟ ಪಾರದರ್ಶಕ ಹಾಳೆಯ ಮೇಲೆ ಅವರ ಬೆರಳು, ಪರದೆಯ ಮೇಲೆ ಬೆರಳಿನ ನೆರಳು, ಗೆರೆಯ ತುದಿ ಮುಟ್ಟಿ ನಿಂತಿತು, ಯಾರೋ ಕೆಮ್ಮಿದರು, ಪುಟ್ಟಬಸಮ್ಮ ಕತ್ತು ಚಾಚಿ ನೋಡುತ್ತಿದ್ದಾರೆ, ಗೆರೆಯ ತುದಿಯಲ್ಲಿ ಬೆರಳು, ಅಲ್ಲೇ ಇದೆ, ಇನ್ನೂ ಅಲ್ಲೇ ಇದೆ.